ಹವಾಯಿಗೆ ಒಂದು ವಾರ, ಅಮ್ಮನೂ ಜೊತೆಗೆ: ಯಾವ ದ್ವೀಪ ಒಳ್ಳೆಯದು?

ಸಂತೆಕಟ್ಟೆಯವ:

ಮಗಳು, ಅಳಿಯ ಸ್ಯಾನ್ ಹೋಸೆಯಲ್ಲಿದ್ದಾರೆ. ಈ ಡಿಸೆಂಬರ್‌ನಲ್ಲಿ ನಾನು, ಹೆಂಡತಿ, ನನ್ನ ಅಮ್ಮ ಮೂವರೂ ಅಲ್ಲಿಗೆ ಹೋಗುವುದು ಅಂತ ಆಗಿದೆ. ವೀಸಾ ಸಿಕ್ಕಿತು. ಈಗ ಅಳಿಯ ಹೊಸ ರಾಗ ಎತ್ತಿದ್ದಾನೆ. ಇಷ್ಟು ದೂರ ಬರುತ್ತೀರಿ, ಹಾಗೇ ಒಂದು ವಾರ ಹವಾಯಿ ನೋಡಿ ಬರೋಣ ಅಂತ. ಅವನ ಪ್ಲಾನಿನಲ್ಲಿ ಮೂರು ದ್ವೀಪ ಉಂಟು: ಒವಾಹು, ಮಾವಿ, ಮತ್ತೆ ‘ಬಿಗ್ ಐಲ್ಯಾಂಡ್’ ಅನ್ನುವ ದೊಡ್ಡ ದ್ವೀಪ.

ನನ್ನ ತಲೆಬಿಸಿ ಬೇರೆ. ಮಲ್ಪೆ ಬೀಚು ನಮ್ಮ ಮನೆಯಿಂದ ಹತ್ತು ಹದಿನೈದು ನಿಮಿಷ. ತೆಂಗಿನ ಮರ, ಮರಳು, ಅಲೆ, ಸೂರ್ಯಾಸ್ತ ಎಲ್ಲ ಇಲ್ಲೇ ಇದೆ. ಜ್ವಾಲಾಮುಖಿಯ ಕಲ್ಲು ಬೇಕಾದರೆ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟು ಹತ್ತಿದರೆ ಆಯಿತು. ಅದೇ ನೋಡಲಿಕ್ಕೆ ಡಾಲರ್ ಸುರಿಯಬೇಕಾ? ಬೆಂಕಿ ಉಗುಳುವುದನ್ನು ಕಣ್ಣಾರೆ ನೋಡಬಹುದು ಅಂತಾದರೆ ಮಾತು ಬೇರೆ. ಅದು ಗ್ಯಾರಂಟಿ ಉಂಟಾ?

ಅಮ್ಮನಿಗೆ 74. ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ತಿನ್ನುವುದಿಲ್ಲ. ಹೋದವರು ಯಾರಾದರೂ ಇದ್ದರೆ ಹೇಳಿ. ತಿಂಗಳ ಕೊನೆಗೆ ಟಿಕೆಟ್ ಮಾಡುತ್ತಾನಂತೆ.

ಬಡಾನಿಡಿಯೂರು ಬೋಟ್:

ಹವಾಯಿ ಯಾಕೆ ಮಾರಾಯ್ರೇ, ಮಾರಿಷಸ್‌ಗೆ ಹೋಗಿ. ಅದೂ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪವೇ. ನಮಗೆ ಮೊದಲೇ ವೀಸಾ ಮಾಡಿಸುವ ರಗಳೆ ಇಲ್ಲ. ಅಮ್ಮನವರಿಗೆ ಗಂಗಾ ತಲಾವ್ ಉಂಟು. ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನೀರು ತುಂಬಿ ಆದ ಕೆರೆ ಅದು, ದಂಡೆಯಲ್ಲಿ 33 ಮೀಟರ್ ಎತ್ತರದ ಶಿವ ನಿಂತಿದ್ದಾನೆ. ಬೇಳೆ ಹಾಕಿದ ರೊಟ್ಟಿ ಬೀದಿಯಲ್ಲೇ ಸಿಗುತ್ತದೆ. ಹವಾಯಿಯಲ್ಲಿ ಅಮ್ಮ ಅನಾನಸು ತಿಂದುಕೊಂಡು ಇರಬೇಕಾದೀತು.

ಕದ್ರಿ ಅಕ್ಕ:

ಬೋಟ್‌ನವರೇ, ಅವರು ಹೋಗುವುದು ಕ್ಯಾಲಿಫೋರ್ನಿಯಾಕ್ಕೆ. ಅಲ್ಲಿಂದ ಹವಾಯಿಗೆ ಐದು ಚಿಲ್ಲರೆ ಗಂಟೆ, ಅದೂ ಅದೇ ದೇಶದ ಒಳಗೆ. ಅಲ್ಲಿಂದ ಮಾರಿಷಸ್‌ಗೆ ಹೋಗಬೇಕಾದರೆ ಅರ್ಧ ಭೂಮಿ ಸುತ್ತಬೇಕು. ಮತ್ತೆ ಮಾರಿಷಸ್‌ನ ಜ್ವಾಲಾಮುಖಿ ಮಲಗಿ ಎಷ್ಟೋ ಕಾಲ ಆಯಿತು. ಆ ಕಡೆ ಬೆಂಕಿ ನೋಡಬೇಕಾದರೆ ಪಕ್ಕದ ರಿಯೂನಿಯನ್ ದ್ವೀಪಕ್ಕೆ ಹೋಗಬೇಕು.

ಸಂತೆಕಟ್ಟೆಯವರೇ, ಅಳಿಯನಿಗೆ ಹೇಳಿ, ಮೂರು ದ್ವೀಪ ಬೇಡ. ಒಂದೇ ಸಾಕು. ಅದು ದೊಡ್ಡ ದ್ವೀಪ.

ಹೇಳಲಿಕ್ಕೆ ನಾನು ಯಾರು ಅಂತ ಕೇಳಬಹುದು. ತಂಗಿಯ ಮಗ ಆ ದ್ವೀಪದ ಹೀಲೊ ಊರಿನಲ್ಲಿದ್ದಾನೆ. ನಾನು ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಒಂದು ಚಳಿಗಾಲ ಪೂರ್ತಿ ಅವನ ಮನೆಯಲ್ಲಿ ಕೂತು ಬಂದವಳು. ಲೆಕ್ಕ ಹಾಕುವ ಚಟ ಇನ್ನೂ ಬಿಟ್ಟಿಲ್ಲ, ಸಹಿಸಿಕೊಳ್ಳಿ.

ಮೊದಲ ಲೆಕ್ಕ. ಈ ದ್ವೀಪಗಳ ನಡುವೆ ನಮ್ಮ ಮಲ್ಪೆಯ ಹಾಗೆ ಬೋಟು ಹತ್ತಿ ಇಳಿಯುವುದು ಅಂತ ಇಲ್ಲ. ಮಾವಿಯಿಂದ ಪಕ್ಕದ ಲನಾಯಿಗೆ ಒಂದು ಫೆರಿ ಇದೆ, ಅಷ್ಟೇ. ಉಳಿದದ್ದಕ್ಕೆಲ್ಲ ವಿಮಾನವೇ. ಹಾರುವುದು ಮುಕ್ಕಾಲು ಗಂಟೆ ಇರಬಹುದು. ಆದರೆ ರೂಮು ಖಾಲಿ ಮಾಡಿ, ಬಾಡಿಗೆ ಕಾರು ವಾಪಸು ಕೊಟ್ಟು, ಚೆಕಿಂಗ್ ಮುಗಿಸಿ, ಇಳಿದು, ಮತ್ತೊಂದು ಕಾರು ಹಿಡಿಯುವಾಗ ಅರ್ಧ ದಿನ ಮುಗಿದಿರುತ್ತದೆ. ಮಂಡಿ ನೋವಿನ ಅಮ್ಮನನ್ನು ಕರೆದುಕೊಂಡು ಅದನ್ನು ಎರಡು ಸಲ ಮಾಡಿದರೆ ನಿಮ್ಮ ಏಳು ದಿನದಲ್ಲಿ ಎಷ್ಟು ವಿಮಾನ ನಿಲ್ದಾಣಕ್ಕೆ ದಾನ ಹೋಯಿತು ನೋಡಿ.

ಎರಡನೆಯದು, ದೊಡ್ಡ ದ್ವೀಪ ನಿಜವಾಗಿಯೂ ದೊಡ್ಡದು. ಸುಮಾರು 10,400 ಚದರ ಕಿ.ಮೀ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆ ಸೇರಿಸಿದರೂ ಅಷ್ಟಾಗುವುದಿಲ್ಲ. ಉಳಿದ ಹವಾಯಿ ದ್ವೀಪಗಳನ್ನೆಲ್ಲ ಒಟ್ಟು ಹಾಕಿದರೂ ಇದೇ ದೊಡ್ಡದು. ಜನ ಮಾತ್ರ ಎರಡು ಲಕ್ಷ. ಮಂಗಳೂರು ಪೇಟೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ, ಅಲ್ವಾ?

ಈಗ ನಿಮ್ಮ ಮುಖ್ಯ ಪ್ರಶ್ನೆ. ನೀವು ಹೇಳಿದ್ದು ಸರಿ, ಬೀಚಿಗೋಸ್ಕರ ಹೋಗಬೇಡಿ. ಒವಾಹುವಿನ ವೈಕೀಕೀ ಬೀಚಿಗೆ ಒಮ್ಮೆ ಹೋಗಿದ್ದೆ. ಹಿಂದೆ ಸಾಲು ಸಾಲು ಹೋಟೆಲು, ಮುಂದೆ ಸಾಲು ಸಾಲು ಚಾಪೆ. ಪಣಂಬೂರಿನಲ್ಲಿ ಭಾನುವಾರ ಸಂಜೆ ಇದಕ್ಕಿಂತ ಆರಾಮಾಗಿ ಕೂತುಕೊಳ್ಳಬಹುದು. ಹೊನೊಲುಲುವಿನಲ್ಲಿ ನನಗೆ ಇಷ್ಟವಾದದ್ದು ಇಯೊಲಾನಿ ಅರಮನೆ ಒಂದೇ. ಹವಾಯಿಗೆ ರಾಣಿಯಿದ್ದಳು, ಲಿಲಿಯುಒಕಲಾನಿ ಅಂತ. 1893ರಲ್ಲಿ ಅಮೆರಿಕದ ವ್ಯಾಪಾರಿಗಳು, ತೋಟದ ಧಣಿಗಳು ಸೇರಿ ಅವಳನ್ನು ಇಳಿಸಿದರು. 1898ರಲ್ಲಿ ಅಮೆರಿಕ ದ್ವೀಪಗಳನ್ನೇ ಸೇರಿಸಿಕೊಂಡಿತು. ಅವಳನ್ನು ಕೂಡಿಟ್ಟ ಕೋಣೆ ಅದೇ ಅರಮನೆಯ ಮಹಡಿಯಲ್ಲಿದೆ. ಅದನ್ನು ನೋಡಿದ ಮೇಲೆ ಕೊರಳಿಗೆ ಹೂವಿನ ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಹವಾಯಿಗೆ ಹೋಗಬೇಕಾದದ್ದು ನೆಲ ನೋಡಲಿಕ್ಕೆ. ನೆಲ ಹುಟ್ಟುವುದು, ಹಸಿರಾಗುವುದು, ಸವೆಯುವುದು ಮೂರೂ ಅಲ್ಲಿ ಸಾಲಾಗಿ ಕಾಣುತ್ತವೆ. ಸಮುದ್ರದ ಅಡಿಯಲ್ಲಿ ಬೆಂಕಿ ಒಂದೇ ಜಾಗದಲ್ಲಿ ಉಂಟು. ಮೇಲಿನ ನೆಲ ಮಾತ್ರ ವರ್ಷಕ್ಕೆ ಕೆಲವು ಸೆಂಟಿಮೀಟರ್‌ನಷ್ಟು ವಾಯವ್ಯಕ್ಕೆ ಜರುಗುತ್ತಾ ಹೋಗುತ್ತದೆ. ಬೆಂಕಿಯ ಮೇಲೆ ಇರುವಷ್ಟು ಕಾಲ ದ್ವೀಪ ಬೆಳೆಯುತ್ತದೆ, ದಾಟಿದ ಮೇಲೆ ಸವೆಯಲು ಶುರು. ಅದಕ್ಕೇ ವಾಯವ್ಯದ ಕವಾಯಿ ದ್ವೀಪಕ್ಕೆ ಸುಮಾರು 50 ಲಕ್ಷ ವರ್ಷ. ಅಲ್ಲಿ ಬೆಟ್ಟವೆಲ್ಲ ಕೊರೆದು ಕಣಿವೆಗಳಾಗಿವೆ. ಆಗ್ನೇಯದ ತುದಿಯಲ್ಲಿರುವ ದೊಡ್ಡ ದ್ವೀಪಕ್ಕೆ ಹತ್ತು ಲಕ್ಷ ವರ್ಷವೂ ಆಗಿಲ್ಲ, ಅದು ಇನ್ನೂ ಬೆಳೆಯುತ್ತಿದೆ. ಅದರ ಆಚೆ ಸಮುದ್ರದೊಳಗೆ ಮುಂದಿನ ಮರಿ ತಯಾರಾಗುತ್ತಿದೆ. ಮೇಲೆ ಬರಲು ಇನ್ನೂ ಸಾವಿರಾರು ವರ್ಷ ಬೇಕು. ನೀವು ಕಾಯಬೇಡಿ.

ಲಾವಾ ಗ್ಯಾರಂಟಿಯಾ ಅಂದರೆ, ಇಲ್ಲ. ಯಾವ ಟೂರಿನವನಾದರೂ ಗ್ಯಾರಂಟಿ ಅಂತ ಹೇಳಿದರೆ ಅವನಿಗೆ ದುಡ್ಡು ಕೊಡಬೇಡಿ. ಕಿಲಾವೇಯಾ ಅನ್ನುವ ಜ್ವಾಲಾಮುಖಿ 1983ರಿಂದ 2018ರವರೆಗೆ ಹೆಚ್ಚುಕಡಿಮೆ ನಿಲ್ಲದೆ ಹರಿಯಿತು. 2018ರಲ್ಲಿ ಜನವಸತಿಯ ನಡುವೆಯೇ ನೆಲ ಬಿರಿದು 700ಕ್ಕಿಂತ ಜಾಸ್ತಿ ಮನೆ ಹೋದವು. ಹೀಲೊದ ಜನ ಅದರ ಬಗ್ಗೆ ಮಾತನಾಡುವಾಗ ಧ್ವನಿ ತಗ್ಗಿಸುವುದಿಲ್ಲ, ನಾವು ನೆರೆ ಬಂದ ವರ್ಷ ಹೇಳಿದ ಹಾಗೆ ಹೇಳಿ ಮುಗಿಸುತ್ತಾರೆ. ಮತ್ತೆ 2024ರ ಡಿಸೆಂಬರ್ 23ಕ್ಕೆ ಮೇಲಿನ ಕುಳಿಯಲ್ಲಿ ಹೊಸ ಸರಣಿ ಶುರುವಾಯಿತು. 2025ರಲ್ಲೂ ಅದು ನಡೆಯಿತು. ಕೆಲವು ಸಲ ಕಾರಂಜಿ 300 ಮೀಟರ್ ದಾಟಿ ಚಿಮ್ಮಿದೆ. ಆದರೆ ಒಂದೊಂದು ಸಲ ಕೆಲವೇ ಗಂಟೆ, ಆಮೇಲೆ ದಿನಗಟ್ಟಲೆ ಸುಮ್ಮನೆ. ಅಮೆರಿಕದ ಭೂವಿಜ್ಞಾನ ಸರ್ವೇಯವರು ದಿನಾ ವರದಿ ಹಾಕುತ್ತಾರೆ, ಲೈವ್ ಕ್ಯಾಮೆರಾ ಇದೆ. ಅಲ್ಲಿನ ವೀಕ್ಷಣಾಲಯ 1912ರಿಂದ ಕಾವಲು ಕಾಯುತ್ತಿದೆ. ಹಾಗಾಗಿ ಒಂದೇ ದ್ವೀಪದಲ್ಲಿ ಏಳು ದಿನ ಇದ್ದರೆ ನಿಮಗೆ ಸಿಗುವ ಸಾಧ್ಯತೆ ಜಾಸ್ತಿ. ಎರಡು ದಿನಕ್ಕೆ ಓಡಿ ಹೋದರೆ ಹೊಗೆ ನೋಡಿ ಬರುತ್ತೀರಿ.

ಕಾರಂಜಿ ಇಲ್ಲದಿದ್ದರೂ ನಷ್ಟ ಇಲ್ಲ. ಕಿಲಾವೇಯಾ ಇರುವ ರಾಷ್ಟ್ರೀಯ ಪಾರ್ಕಿನೊಳಗೆ ಕುಳಿಯ ಅಂಚಿಗೇ ಕಾರು ಹೋಗುತ್ತದೆ, ಅಮ್ಮ ನಡೆಯಬೇಕಾಗಿಲ್ಲ. ನೆಲದ ಬಿರುಕಿನಿಂದ ಬಿಸಿ ಆವಿ ಏಳುವ ಜಾಗಕ್ಕೂ ಪಾರ್ಕಿಂಗ್‌ನಿಂದ ನಾಲ್ಕು ಹೆಜ್ಜೆ. ಅಲ್ಲಿಂದ ‘ಚೈನ್ ಆಫ್ ಕ್ರೇಟರ್ಸ್’ ರಸ್ತೆ ಇಳಿಯುತ್ತದೆ. ಸುಮಾರು 30 ಕಿ.ಮೀ., ಸೀದಾ ಕಡಲಿಗೆ. ಹಿಂದೆ ಅದು ಇನ್ನೂ ಮುಂದಕ್ಕೆ ಹೋಗುತ್ತಿತ್ತು, ಲಾವಾ ಹರಿದು ಟಾರಿನ ಮೇಲೇ ಗಟ್ಟಿಯಾಗಿ ರಸ್ತೆ ಅಲ್ಲಿಗೇ ಮುಗಿದಿದೆ. ಇಳಿಯುವಾಗ ಕಿಟಕಿಯಿಂದ ನೋಡುತ್ತಾ ಇರಿ. 1970ರ ಆಚೀಚೆ ಹರಿದ ಕಲ್ಲು ಇನ್ನೂ ಕಪ್ಪು. ಅದರ ಬಿರುಕಿನಲ್ಲಿ ಒಹಿಯಾ ಅನ್ನುವ ಮರ ಹುಟ್ಟಿ ಕೆಂಪು ಹೂ ಬಿಟ್ಟಿರುತ್ತದೆ. ಮಣ್ಣೇ ಇಲ್ಲದ ಕಲ್ಲಿನಲ್ಲಿ ಮೊದಲು ಬರುವ ಮರ ಅದು. ಈಗ ಅದಕ್ಕೊಂದು ಶಿಲೀಂಧ್ರದ ರೋಗ ಬಂದಿದೆ. ಕಾಲುದಾರಿ ಶುರುವಾಗುವಲ್ಲಿ ಬ್ರಶ್ ಇಟ್ಟಿರುತ್ತಾರೆ, ಚಪ್ಪಲಿ ಉಜ್ಜಿ ಹೋಗಬೇಕು. ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಸ್ವೆಟರ್ ಮರೆಯಬೇಡಿ. ಕುಳಿ ಇರುವುದು 1,200 ಮೀಟರ್ ಎತ್ತರದಲ್ಲಿ. ಸಂಜೆ ಮಳೆ, ಗಾಳಿ, ಚಳಿ.

ಕಲ್ಲು ಮಾತ್ರ ಎತ್ತಿಕೊಂಡು ಬರಬೇಡಿ, ಒಂದು ಚೂರೂ ಬೇಡ. ಕಾನೂನು ಹೇಗೂ ಉಂಟು. ಅದಕ್ಕಿಂತ ಮುಖ್ಯ, ಆ ಕುಳಿ ಅಲ್ಲಿನ ಮೂಲ ಜನಕ್ಕೆ ಪೆಲೆ ಅನ್ನುವ ದೇವಿಯ ಮನೆ. ನಾಗಬನದಿಂದ ಕಲ್ಲು ಎತ್ತಿಕೊಂಡು ಬಂದು ಶೋಕೇಸಿನಲ್ಲಿ ಇಡುತ್ತೀರಾ? ಹಾಗೇ ಇದು. ತೆಗೆದುಕೊಂಡು ಹೋದ ಪ್ರವಾಸಿಗರು ಆಮೇಲೆ ಕೆಟ್ಟದಾಯಿತು ಅಂತ ಹೆದರಿ ಪೋಸ್ಟಿನಲ್ಲಿ ವಾಪಸು ಕಳಿಸುತ್ತಾರಂತೆ, ಪೊಟ್ಟಣ ಬರುತ್ತಲೇ ಇರುತ್ತದೆ.

ಈಗ ಊಟ. ಇದಕ್ಕೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಅಮ್ಮನವರು ಅನಾನಸು ತಿಂದುಕೊಂಡು ಇರಬೇಕು ಅಂದವರಿಗೆ ಹೀಲೊದ ಸಂತೆ ಗೊತ್ತಿಲ್ಲ. ಬುಧವಾರ, ಶನಿವಾರ ಜೋರು. ನಾನು ಮೊದಲ ಸಲ ಹೋದಾಗ ಒಂದು ಮೇಜಿನ ಮೇಲೆ ಜೀಗುಜ್ಜೆ (ದೀವಿಹಲಸು) ರಾಶಿ ಹಾಕಿದ್ದರು. ಪಕ್ಕದಲ್ಲಿ ಕೆಸುವಿನ ಗೆಡ್ಡೆ, ಕೆಸುವಿನ ಎಲೆ, ಬಾಳೆಕಾಯಿ, ತೆಂಗಿನಕಾಯಿ, ಕಬ್ಬು. ಸೆಂಟ್ರಲ್ ಮಾರ್ಕೆಟ್ಟಿನ ಬುಟ್ಟಿಗಳ ಎದುರು ನಿಂತ ಹಾಗಾಯಿತು. ಇದೆಲ್ಲ ಆಮೇಲೆ ಯಾರೋ ಬಿಳಿಯರು ತಂದದ್ದಲ್ಲ. ಸಾವಿರ ವರ್ಷದ ಆಚೆಈಚೆ ಪಾಲಿನೇಷಿಯಾದಿಂದ ಜೋಡಿ ದೋಣಿಯಲ್ಲಿ ಬಂದವರು ಜೊತೆಗೇ ತಂದು ನೆಟ್ಟದ್ದು. ದಿಕ್ಸೂಚಿ ಇಲ್ಲ, ನಕ್ಷತ್ರ, ಅಲೆ, ಹಕ್ಕಿ ನೋಡಿ ಬಂದವರು. ದೋಣಿಯಲ್ಲಿ ಜಾಗ ಎಷ್ಟು ಇದ್ದೀತು, ಅದರಲ್ಲಿ ಕೆಸುವಿಗೂ ಜೀಗುಜ್ಜೆಗೂ ಜಾಗ ಮಾಡಿದ್ದಾರೆ ಅಂದರೆ ನನಗೆ ಅವರ ಮೇಲೆ ಮರ್ಯಾದೆ.

ಕೆಸು ಅಲ್ಲಿ ಬರೀ ತರಕಾರಿ ಅಲ್ಲ, ಮನುಷ್ಯರ ಅಣ್ಣ. ಕತೆಯ ಪ್ರಕಾರ ದೇವರಿಗೆ ಮೊದಲ ಮಗು ಸತ್ತೇ ಹುಟ್ಟಿತು. ಹೂತ ಜಾಗದಲ್ಲಿ ಕೆಸು ಚಿಗುರಿತು. ಎರಡನೆಯ ಮಗುವಿನಿಂದ ಮನುಷ್ಯರಾದರು. ಅದಕ್ಕೇ ಗೆಡ್ಡೆ ಬೇಯಿಸಿ ಜಜ್ಜಿ ಮಾಡಿದ ‘ಪೊಯ್’ ಬಟ್ಟಲು ಎದುರು ಇರುವಾಗ ಜಗಳ ಮಾಡಬಾರದು ಅನ್ನುತ್ತಾರೆ. ಪೊಯ್ ನೇರಳೆ ಬಣ್ಣದ ಅಂಟು ಗಂಜಿ. ನನಗೆ ಉಪ್ಪಿನಕಾಯಿ ಇಲ್ಲದೆ ಇಳಿಯಲಿಲ್ಲ. ಎಲೆಯಲ್ಲಿ ಮಾಂಸ ಸುತ್ತಿ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ‘ಲಾವುಲಾವು’ ಕೂಡ ಉಂಟು, ಅದು ನಿಮಗೆ ಬೇಡ. ಆದರೆ ಎಲೆ ತಂದು ಪತ್ರೊಡೆ ಮಾಡಬಹುದು, ನಾನು ಮಾಡಿದ್ದೇನೆ. ಅಕ್ಕಿ, ಹುಣಸೆ, ಬೆಲ್ಲ ಹೊಂದಿಸಿದರೆ ಆಯಿತು. ಅಲ್ಲಿನ ಎಲೆ ದಪ್ಪ, ಚೆನ್ನಾಗಿ ಬೇಯಲಿ, ಇಲ್ಲವಾದರೆ ಗಂಟಲು ತುರಿಸುತ್ತದೆ. ಜೀಗುಜ್ಜೆ ಪೋಡಿಯನ್ನು ಹುಡುಗನ ಪಕ್ಕದ ಮನೆಯ ಫಿಲಿಪಿನೋ ಅಜ್ಜಿ ಎರಡನೇ ಸಲ ಕೇಳಿ ಪಡೆದರು.

ಆದ್ದರಿಂದ ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಬಾಡಿಗೆ ಮನೆ ತೆಗೆದುಕೊಳ್ಳಿ. ಹೊರಗೆ ತೋಫು, ಅನ್ನ ಎಲ್ಲ ಕಡೆ ಸಿಗುತ್ತದೆ. ಕಬ್ಬಿನ ತೋಟಕ್ಕೆ ಬಂದ ಜಪಾನಿಯರ ಮೊಮ್ಮಕ್ಕಳ ಊರು ಅದು. ಆದರೆ ಸೂಪು, ಸಾರಿನಲ್ಲಿ ಮೀನಿನ ಪುಡಿ ಇರುತ್ತದೆ, ಕೇಳದೆ ಅಮ್ಮನಿಗೆ ಕೊಡಬೇಡಿ.

ಹೀಲೊದಲ್ಲಿ ಡಿಸೆಂಬರ್‌ನಲ್ಲೂ ಮಳೆ ಬರುತ್ತದೆ. ನಮಗೆ ನೈಋತ್ಯದ ಗಾಳಿ ಮಳೆ ತರುತ್ತದೆ, ಅವರಿಗೆ ಈಶಾನ್ಯದ್ದು. ಮೋಡ ಬೆಟ್ಟಕ್ಕೆ ತಾಗಿ ಹೀಲೊದ ಕಡೆ ಸುರಿದು, ಆಚೆ ಪಶ್ಚಿಮದ ಕೋನಾ ಕಡೆಗೆ ಹೋಗುವಾಗ ಖಾಲಿ. ಬಟ್ಟೆ ಒಣಗಬೇಕಾದರೆ ಕೋನಾ, ಹಸಿರು ಬೇಕಾದರೆ ಹೀಲೊ. ನಾಲ್ಕು ರಾತ್ರಿ ಹೀಲೊ ಕಡೆ, ಮೂರು ರಾತ್ರಿ ಕೋನಾ ಕಡೆ ಮಾಡಿ. ನಿಮ್ಮ ಹೆಂಡತಿಗೆ ಬಿಳಿ ಮರಳು ಬೇಕು ಅಂತಾದರೆ ಅದೂ ಆ ಕಡೆಯೇ ಇದೆ. ಕಪ್ಪು ಮರಳಿನ ಪುನಲುಉ ದಕ್ಷಿಣಕ್ಕೆ. ಆಮೆಗಳು ಬಂದು ಬಿಸಿಲು ಕಾಯಿಸುತ್ತವೆ, ದೂರದಿಂದಲೇ ನೋಡಿ.

ಮಣಿಪಾಲದಿಂದ:

ಅಕ್ಕ ಎರಡು ವಿಷಯ ಬಿಟ್ಟಿದ್ದಾರೆ. ಅಳಿಯ ಖಂಡಿತ ದೊಡ್ಡ ದ್ವೀಪದ ಮೌನಾ ಕೇಯಾ ಶಿಖರಕ್ಕೆ ಹೋಗೋಣ ಅನ್ನುತ್ತಾನೆ. 4,207 ಮೀಟರ್. ಕಡಲ ಮಟ್ಟದಿಂದ ಎರಡು ಗಂಟೆಯಲ್ಲಿ ಕಾರಿನಲ್ಲೇ ಅಷ್ಟು ಏರುವುದು ಯಾರಿಗೂ ಸಣ್ಣ ವಿಷಯವಲ್ಲ, 74ರವರಿಗೆ ನಾನಂತೂ ಬೇಡ ಅನ್ನುತ್ತೇನೆ. ನಡುವೆ ಸಂದರ್ಶಕರ ಕೇಂದ್ರ ಇದೆ, ಅದೇ 2,800 ಮೀಟರ್, ಅಂದರೆ ಕೊಡಚಾದ್ರಿಯ ಎರಡರಷ್ಟು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಅಲ್ಲಿಂದ ಮೇಲೆ ಹೋಗಬಾರದು ಅಂತ ಅಲ್ಲಿನವರೇ ಹೇಳುತ್ತಾರೆ. 13 ವರ್ಷದ ಒಳಗಿನ ಮಕ್ಕಳಿಗೂ ಅದೇ ಮಾತು.

ಇನ್ನೊಂದು, ಕಿಲಾವೇಯಾ ಗಂಧಕದ ಗ್ಯಾಸ್ ಬಿಡುತ್ತದೆ. ಗಾಳಿಯಲ್ಲಿ ಸೇರಿ ಮಬ್ಬು ಕವಿಯುತ್ತದೆ, ‘ವಾಗ್’ ಅನ್ನುತ್ತಾರೆ. ಎಷ್ಟೋ ಸಲ ಅದು ಕೋನಾ ಕಡೆಗೆ ಹೋಗಿ ಕೂರುತ್ತದೆ. ಅಮ್ಮನಿಗೆ ಉಬ್ಬಸ ಇದ್ದರೆ ಡಾಕ್ಟರ್ ಹತ್ತಿರ ಮಾತಾಡಿ, ಪಂಪ್ ಕೈಚೀಲದಲ್ಲೇ ಇಡಿ.

ಕಲ್ಲು ಹುಡುಗ:

ಪ್ರಶ್ನೆಯಲ್ಲಿ ಸೈಂಟ್ ಮೇರೀಸ್ ಬಂದ ಕಾರಣ ಒಂದು ಮಾತು. ಎರಡೂ ಜ್ವಾಲಾಮುಖಿಯ ಕಲ್ಲೇ, ಆದರೆ ‘ಅದೇ’ ಅಲ್ಲ. ಹವಾಯಿಯದ್ದು ಬಸಾಲ್ಟ್, ನೀರಾಗಿ ಹರಿಯುವ ಜಾತಿ. ನಮ್ಮ ದ್ವೀಪದ ಕಂಬಗಳಿಗೂ ಎಲ್ಲರೂ ಬಸಾಲ್ಟ್ ಅನ್ನುತ್ತಾರೆ. ಆದರೆ ಅದು ಸಿಲಿಕಾ ಜಾಸ್ತಿ ಇರುವ ರಯೊಲೈಟ್, ಡೇಸೈಟ್ ಗುಂಪಿನದು. ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಹವಾಯಿಯಲ್ಲಿ ಈಗ ನೀರಿನ ಮೇಲಿರುವ ಯಾವ ದ್ವೀಪವೂ ಹುಟ್ಟುವ ಎಷ್ಟೋ ಮೊದಲೇ ನಮ್ಮದು ತಣ್ಣಗಾಗಿತ್ತು.

ಸಂತೆಕಟ್ಟೆಯವ:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಜೀಗುಜ್ಜೆ ಸಿಗುವುದಾದರೆ ಬರುತ್ತೇನೆ ಅಂದರು. ಅಳಿಯ ಮಾವಿಯನ್ನು ಬಿಟ್ಟ, ಆದರೆ ಒಂದು ತಕರಾರು. ಕವಾಯಿ ದ್ವೀಪದಲ್ಲಿ ಕಲ್ಲಿನ ದೊಡ್ಡ ಶಿವ ದೇವಸ್ಥಾನ ಇದೆಯಂತೆ, ಅತ್ತೆಗೆ ತೋರಿಸಬೇಕು ಅಂತಾನೆ. ಅದು ನಿಜವಾ, ಸುಮ್ನೆ ಹೇಳುತ್ತಿದ್ದಾನಾ? ಮಾವಿ ಬಿಟ್ಟರೆ ನಷ್ಟವಾ?

ಕದ್ರಿ ಅಕ್ಕ:

ನಿಜ. ಇರೈವನ್ ದೇವಸ್ಥಾನ. ಶೈವ ಸನ್ಯಾಸಿಗಳ ಆಶ್ರಮ ಅಲ್ಲಿ 1970ರಿಂದ ಇದೆ. ಗ್ರಾನೈಟ್ ಕಲ್ಲನ್ನು ಕೆತ್ತಿದ್ದು ಎಲ್ಲಿ ಗೊತ್ತಾ, ನಮ್ಮ ಬೆಂಗಳೂರಿನ ಹೊರಗಿನ ಒಂದು ಹಳ್ಳಿಯಲ್ಲಿ. 1990ರಲ್ಲಿ ಶುರು ಮಾಡಿ, ಕೈಯಲ್ಲೇ ಉಳಿ ಹಿಡಿದು ಕೆತ್ತಿ, ಹಡಗಿನಲ್ಲಿ ಸಾಗಿಸಿ, ಅಲ್ಲಿ ಜೋಡಿಸಿದರು. ಕುಂಭಾಭಿಷೇಕ ಆದದ್ದು 2023ರ ಮಾರ್ಚ್‌ನಲ್ಲಿ. ಅಳಿಯನ ತಲೆ ಓಡುತ್ತದೆ, ಅತ್ತೆಯ ಹೆಸರಿನಲ್ಲಿ ಎರಡನೇ ದ್ವೀಪ ಗಿಟ್ಟಿಸಿದ. ದೇವಸ್ಥಾನಕ್ಕೆ ಅಂತಾದರೆ ಕೊನೆಯ ಎರಡು ದಿನ ಕೊಡಿ, ನಾನು ಅಡ್ಡ ಬರುವುದಿಲ್ಲ. ಭೇಟಿಯ ಸಮಯ ಬೆಳಿಗ್ಗೆ ಮಾತ್ರ, ಮೊದಲೇ ಬುಕ್ ಮಾಡಿ. ಹನಲೇಯ್ ಕಣಿವೆಯ ಕೆಸುವಿನ ಗದ್ದೆಯನ್ನೂ ನೋಡಿ ಬನ್ನಿ, ನೀರು ನಿಲ್ಲಿಸಿ ಬೆಳೆಸುತ್ತಾರೆ.

ಮಾವಿಯಲ್ಲಿ ನನಗೆ ನೋಡಬೇಕಿದ್ದದ್ದು ಲಹೈನಾ ಊರಿನ ಆಲದ ಮರ. 1873ರಲ್ಲಿ ಭಾರತದಿಂದ ಬಂದ ಸಸಿ, ಒಂದು ಮೈದಾನದಷ್ಟು ಹರಡಿತ್ತು. 2023ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಊರೇ ಹೋಯಿತು, ನೂರಕ್ಕೂ ಜಾಸ್ತಿ ಜನ ಸತ್ತರು. ಮರ ಸುಟ್ಟರೂ ಮತ್ತೆ ಚಿಗುರಿದೆ. ಅಲ್ಲಿನವರು ಇನ್ನೂ ಮನೆ ಕಟ್ಟಿಕೊಳ್ಳುತ್ತಿದ್ದಾರೆ. ಒಂದು ದಿನಕ್ಕೆ ಹೋಗಿ ಸುಟ್ಟ ಊರಿನ ಫೋಟೋ ತೆಗೆದು ಬರುವ ಕೆಲಸ ಬೇಡ. ಡಿಸೆಂಬರ್‌ನಲ್ಲಿ ತಿಮಿಂಗಿಲ ಬರುತ್ತವೆ ಅಂತ ಅಳಿಯ ಇನ್ನೊಂದು ಕಾರಣ ತೆಗೆದರೆ, ದೊಡ್ಡ ದ್ವೀಪದ ಕೋನಾ ಕಡೆಯಿಂದಲೂ ಕಾಣುತ್ತವೆ ಅಂತ ಹೇಳಿ.

ಮತ್ತೆ, ಹವಾಯಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಾಪಸು ಹೊರಡುವಾಗ ಕೃಷಿ ಇಲಾಖೆಯವರು ಬ್ಯಾಗು ಸ್ಕ್ಯಾನ್ ಮಾಡುತ್ತಾರೆ. ಹೆಚ್ಚಿನ ಹಸಿ ಹಣ್ಣು, ಗಿಡ, ಮಣ್ಣು ಬಿಡುವುದಿಲ್ಲ. ಹುರಿದ ಕೋನಾ ಕಾಫಿ ತರಬಹುದು, ಆದರೆ ಪೊಟ್ಟಣದ ಹಿಂದೆ ನೋಡಿ. ಹತ್ತು ಪರ್ಸೆಂಟ್ ಕೋನಾ, ಉಳಿದದ್ದು ಎಲ್ಲಿಯದ್ದೋ ಇರುವ ಮಿಶ್ರಣವೂ ಅದೇ ಹೆಸರಿನಲ್ಲಿ ಸಿಗುತ್ತದೆ. ಪೂರ್ತಿ ಕೋನಾದ ರೇಟು ಕೇಳಿದರೆ ನೀವು ಚಿಕ್ಕಮಗಳೂರಿನದ್ದೇ ಸಾಕು ಅನ್ನಬಹುದು, ನಾನು ಹಾಗೇ ಅಂದೆ. ಸನ್‌ಸ್ಕ್ರೀನ್ ಅಲ್ಲಿಗೆ ಹೋದ ಮೇಲೇ ತೆಗೆದುಕೊಳ್ಳಿ. ಹವಳಕ್ಕೆ ಹಾನಿ ಮಾಡುವ ಎರಡು ರಾಸಾಯನಿಕ ಇರುವಂಥದ್ದನ್ನು 2021ರಿಂದ ಅಲ್ಲಿ ಮಾರುವಂತಿಲ್ಲ. ಅಮ್ಮನಿಗೆ ಬೇಕಾದ ಇಂಗು, ಸಾರಿನ ಪುಡಿ ಉಡುಪಿಯಿಂದಲೇ ಕಟ್ಟಿಕೊಳ್ಳಿ. ಹುಣಸೆ ಹೀಲೊದಲ್ಲಿ ಸಿಗುತ್ತದೆ.